ಕಾಲಿ ಊರಿನ ಇಬ್ಬರು ಹುಡುಗರು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಮುಂದಿನ ಟೆನಿಸ್ ಟೂರ್ನಿಯಲ್ಲಿ ಡಬಲ್ಸ್ ಕೂಡ ಆಡಬೇಕೆಂದು ಕೋಚ್ ಹೇಳಿದ್ದೇ ತಡ, ನೀನು ನನ್ನ ಫೋನ್ ಎತ್ತುವುದನ್ನೇ ಬಿಟ್ಟಿದ್ದೀಯ. ನಿನ್ನ ಅಪ್ಪನ ಹತ್ತಿರ ಮಾತ್ರ "ಅದು ಸಿಂಗಲ್ಸ್‌ನಲ್ಲಿ ಆಗದವರು ಆಡುವ ಆಟ" ಎಂದೆಯಂತೆ. ಫೋನಿನಲ್ಲಿ ನಾನು ಏನು ಹೇಳಹೊರಟರೂ ನಿನಗೆ ಅದು ಉಪದೇಶ. ಕಾಗದದಲ್ಲಾದರೆ ನಡುವೆ ಬಾಯಿ ಹಾಕಲು ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮಂಚದ ಮೇಲಿನ ಗೋಡೆಗೆ ರೋಹನ್ ಬೋಪಣ್ಣ ಅವರ ಚಿತ್ರ ಅಂಟಿಸಿಕೊಂಡಿದ್ದೀಯ. ಕೊಡಗಿನ ಹುಡುಗ ಗ್ರ್ಯಾಂಡ್‌ಸ್ಲಾಮ್ ಗೆದ್ದರೆಂದು ನಾವೆಲ್ಲ ಕುಣಿದಾಡಿದ 2017ರ ಪ್ಯಾರಿಸ್ ಮಿಶ್ರ ಡಬಲ್ಸ್ ಫೈನಲ್‌ನಲ್ಲಿ ನೆಟ್‌ನ ಆಚೆ ಬದಿ ಯಾರಿದ್ದರು, ಗೊತ್ತೇ? ಜರ್ಮನಿಯ ಆನಾ-ಲೆನಾ ಗ್ರೋನೆಫೆಲ್ಡ್ ಮತ್ತು ಕೊಲಂಬಿಯಾದ ರಾಬರ್ಟ್ ಫರಾ. ಬೋಪಣ್ಣ ಮತ್ತು ಕೆನಡಾದ ಗೇಬ್ರಿಯೆಲಾ ದಬ್ರೌಸ್ಕಿ ಗೆದ್ದಿದ್ದು 2-6, 6-2, 12-10ರಲ್ಲಿ. ಅದೂ ಎರಡು ಮ್ಯಾಚ್ ಪಾಯಿಂಟ್, ಅಂದರೆ ಎದುರಾಳಿಗೆ ಗೆಲ್ಲಲು ಒಂದೇ ಪಾಯಿಂಟ್ ಸಾಕಾಗಿದ್ದ ಎರಡು ಗಳಿಗೆ, ಉಳಿಸಿಕೊಂಡ ಮೇಲೆ. ನಮಗೆ ಹಬ್ಬವಾದ ಆ ಎರಡು ಪಾಯಿಂಟ್‌ಗಳನ್ನು ಫರಾ ಎಷ್ಟು ರಾತ್ರಿ ನೆನೆದಿರಬೇಕು! ಅದರ ಹಿಂದಿನ ವರ್ಷ ವಿಂಬಲ್ಡನ್ ಮಿಶ್ರ ಡಬಲ್ಸ್ ಫೈನಲ್‌ನಲ್ಲಿಯೂ ಅವರು ಸೋತಿದ್ದರು.

ಅದೇ 2017ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. ಅಲ್ಲಿ ಸಾನಿಯಾ ಮಿರ್ಜಾ ಮತ್ತು ಇವಾನ್ ದೋದಿಗ್ ಜೋಡಿಯನ್ನು 6-2, 6-4ರಲ್ಲಿ ಸೋಲಿಸಿ ಮಿಶ್ರ ಡಬಲ್ಸ್ ಪ್ರಶಸ್ತಿ ಎತ್ತಿದವರು ಅಮೆರಿಕದ ಅಬಿಗೇಲ್ ಸ್ಪಿಯರ್ಸ್ ಹಾಗೂ ಕೊಲಂಬಿಯಾದ ಹುವಾನ್ ಸೆಬಾಸ್ಟಿಯನ್ ಕಬಾಲ್. ಈ ಕಬಾಲ್ ಫರಾನ ಬಾಲ್ಯದ ಗೆಳೆಯ.

ಇಬ್ಬರೂ ಬೆಳೆದದ್ದು ಕೊಲಂಬಿಯಾದ ಕಾಲಿ ಎಂಬ ಊರಿನಲ್ಲಿ. ಸುತ್ತ ಕಬ್ಬಿನ ಗದ್ದೆ, ಊರೊಳಗೆ ಸಾಲ್ಸಾ ಕುಣಿತ. ಫರಾ ಹುಟ್ಟಿದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ, ಮನೆತನದ ಮೂಲ ಲೆಬನಾನ್, ಅಪ್ಪ ಟೆನಿಸ್ ತರಬೇತುದಾರ. ದೊಡ್ಡವನಾದ ಮೇಲೆ ಓದಲು ಅಮೆರಿಕಕ್ಕೆ ಹೋದ ಫರಾ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದ. ಕಬಾಲ್ ನೇರವಾಗಿ ವೃತ್ತಿಪರ ಟೆನಿಸ್‌ಗೆ ಇಳಿದ. ಇಬ್ಬರೂ ಸಿಂಗಲ್ಸ್ ಆಡಿದವರೇ. ಆದರೆ ಇಬ್ಬರಲ್ಲಿ ಯಾರೂ ವಿಶ್ವದ ಮೊದಲ 150ರೊಳಗೆ ಬರಲಿಲ್ಲ. ನೋಡು, ನಿನ್ನ ವಾದಕ್ಕೆ ಸಾಕ್ಷಿಯನ್ನು ನಾನೇ ಒದಗಿಸುತ್ತಿದ್ದೇನೆ. ಸಿಂಗಲ್ಸ್‌ನಲ್ಲಿ ಆಗಲಿಲ್ಲ, ನಿಜ. ಮುಂದೇನಾಯಿತು ಎಂಬುದನ್ನೂ ಓದು.

ಸುಮಾರು ಒಂದು ದಶಕ ಇಬ್ಬರೂ ಜೊತೆಯಾಗಿ ಆಡಿದರು. 2018ರಲ್ಲಿ ಆಸ್ಟ್ರೇಲಿಯನ್ ಓಪನ್ ಫೈನಲ್ ತಲುಪಿ ಸೋತರು. ಅದೇ ವರ್ಷ ರೋಮ್ ಟೂರ್ನಿ ಗೆದ್ದರು, ಮರುವರ್ಷವೂ ಗೆದ್ದರು. ಅವರ ಕೋಚ್ ದಕ್ಷಿಣ ಆಫ್ರಿಕಾದ ಜೆಫ್ ಕೊಟ್ಜೆ, ತಾವೇ ಡಬಲ್ಸ್ ಆಡಿ ಪಳಗಿದವರು. 2019ರ ಜುಲೈ 13ರ ಶನಿವಾರ ಅವರಿಬ್ಬರೂ ವಿಂಬಲ್ಡನ್ ಸೆಂಟರ್ ಕೋರ್ಟ್‌ಗೆ ಇಳಿದಾಗ ಕಬಾಲ್‌ಗೆ 33 ವರ್ಷ, ಫರಾಗೆ 32. ಎದುರಿಗೆ ಫ್ರಾನ್ಸಿನ ನಿಕೊಲಾ ಮಾಹು ಮತ್ತು ಎಡ್ವಾರ್ಡ್ ರೋಜರ್-ವಾಸೆಲಾ. ಮೊದಲ ನಾಲ್ಕು ಸೆಟ್‌ಗಳೂ 6-6ರಲ್ಲಿ ಸಮವಾಗಿ ಟೈಬ್ರೇಕ್‌ನಲ್ಲೇ ತೀರ್ಮಾನ! 6-7, 7-6, 7-6, 6-7. ಕೊನೆಗೆ ಐದನೆಯದನ್ನು 6-3ರಲ್ಲಿ ಕಬಾಲ್, ಫರಾ ಗೆದ್ದುಕೊಂಡಾಗ ಆಟ ಶುರುವಾಗಿ ಐದು ಗಂಟೆ ತುಂಬಲು ಕೆಲವೇ ನಿಮಿಷ ಬಾಕಿ ಇತ್ತು. ಕೊಲಂಬಿಯಾದವರು ಪುರುಷರ ಡಬಲ್ಸ್‌ನಲ್ಲಿ ಗ್ರ್ಯಾಂಡ್‌ಸ್ಲಾಮ್ ಗೆದ್ದದ್ದು ಅದೇ ಮೊದಲು.

ಮರುದಿನ ಭಾನುವಾರ ಅದೇ ಕೋರ್ಟ್‌ನಲ್ಲಿ ಜೊಕೊವಿಚ್ ಮತ್ತು ಫೆಡರರ್ ಕೂಡ ಹೆಚ್ಚು ಕಡಿಮೆ ಅಷ್ಟೇ ಹೊತ್ತು ಆಡಿದರು. ಆ ಪಂದ್ಯದ ಒಂದೊಂದು ಹೊಡೆತವೂ ಜನರಿಗೆ ಬಾಯಿಪಾಠ. ಶನಿವಾರದ ಪಂದ್ಯವನ್ನು ಕೊಲಂಬಿಯಾದ ಹೊರಗೆ ಎಷ್ಟು ಜನ ನೆನಪಿಟ್ಟಿದ್ದಾರೆ? ನಮ್ಮಲ್ಲಂತೂ ಆ ವಾರಾಂತ್ಯ ಕ್ರಿಕೆಟ್ ವಿಶ್ವಕಪ್ ಫೈನಲ್ ಬಿಟ್ಟು ಬೇರೆ ಮಾತೇ ಇರಲಿಲ್ಲ. ಹಣದ ಲೆಕ್ಕವನ್ನೂ ಮುಚ್ಚಿಡುವುದಿಲ್ಲ. ಆ ವರ್ಷ ಸಿಂಗಲ್ಸ್ ಗೆದ್ದವರಿಗೆ ಸಿಕ್ಕಿದ್ದು 23.5 ಲಕ್ಷ ಪೌಂಡ್. ಡಬಲ್ಸ್ ಗೆದ್ದ ಜೋಡಿಗೆ ಇಬ್ಬರಿಗೂ ಸೇರಿ 5.4 ಲಕ್ಷ. ಅನ್ಯಾಯ ಎನ್ನುವೆಯಾದರೆ ನಾನು ಒಪ್ಪುತ್ತೇನೆ. ಕೀಳು ಆಟ ಎಂದರೆ ಮಾತ್ರ ಒಪ್ಪುವುದಿಲ್ಲ.

ಕಬಾಲ್ ಸರ್ವ್ ಮಾಡುವಾಗ ನೆಟ್ ಹತ್ತಿರ ನಿಂತ ಫರಾನ ಬೆನ್ನ ಹಿಂದಿನ ಕೈಯನ್ನೇ ನೋಡು. ಬೆರಳು ಮಡಿಸಿ, ಬಿಡಿಸಿ ತಾನು ಯಾವ ಕಡೆ ಹಾರುತ್ತೇನೆ ಎಂದು ಹೇಳುತ್ತಾನೆ. ಸರ್ವ್ ಎಲ್ಲಿಗೆ ಬೀಳಬೇಕು, ಬಂದ ರಿಟರ್ನ್ ಯಾರದು, ಇವನು ಅಡ್ಡ ನುಗ್ಗಿದರೆ ಖಾಲಿಯಾದ ಜಾಗಕ್ಕೆ ಅವನು ಯಾವಾಗ ಓಡಬೇಕು, ಎಲ್ಲವೂ ಚೆಂಡು ಮೇಲೆ ಹಾರುವ ಮೊದಲೇ ತೀರ್ಮಾನವಾಗಿರುತ್ತದೆ. ಆಮೇಲೆ ಯೋಚಿಸಲು ಸಮಯವೇ ಇಲ್ಲ. ನಿನ್ನ ವಾಲಿ, ಚೆಂಡು ನೆಲ ಮುಟ್ಟುವ ಮೊದಲೇ ಹೊಡೆಯುವ ಆ ಹೊಡೆತ, ಏಕೆ ಸುಧಾರಿಸುತ್ತಿಲ್ಲ ಎಂದು ನೀನೇ ಕೇಳುತ್ತಿದ್ದೆ. ಬೇಸ್‌ಲೈನ್ ಬಿಟ್ಟು ಕದಲದವಳಿಗೆ ವಾಲಿ ಎಲ್ಲಿಂದ ಬರಬೇಕು?

ವಿಂಬಲ್ಡನ್ ಗೆದ್ದ ಎರಡು ತಿಂಗಳೊಳಗೆ ಅವರು ಅಮೆರಿಕನ್ ಓಪನ್ ಕೂಡ ಗೆದ್ದು, ವರ್ಷವನ್ನು ವಿಶ್ವದ ಒಂದನೇ ಜೋಡಿಯಾಗಿ ಮುಗಿಸಿದರು. ಆಮೇಲೆ ಬಂದದ್ದು ಕೆಟ್ಟ ಕಾಲ. 2020ರ ಜನವರಿಯಲ್ಲಿ, ಆಸ್ಟ್ರೇಲಿಯನ್ ಓಪನ್ ಇನ್ನೇನು ಶುರುವಾಗಬೇಕು ಎನ್ನುವಾಗ, ಫರಾನ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಬೋಲ್ಡೆನೋನ್ ಎಂಬ ನಿಷೇಧಿತ ವಸ್ತು ಸಿಕ್ಕಿದೆಯೆಂದು ಅಮಾನತು ಮಾಡಿದರು. ಕೊಲಂಬಿಯಾದಲ್ಲಿ ದನಗಳಿಗೆ ಕೊಡುವ ಈ ಔಷಧ ಮಾಂಸದ ಮೂಲಕ ಮೈ ಸೇರಿದೆ ಎಂಬುದು ಫರಾನ ವಾದ. ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಆ ವಾದವನ್ನು ಒಪ್ಪಿ, ತಪ್ಪಾಗಲಿ ನಿರ್ಲಕ್ಷ್ಯವಾಗಲಿ ಇಲ್ಲವೆಂದು ಅಮಾನತನ್ನು ತೆಗೆಯಿತು. ಅಷ್ಟರಲ್ಲಿ ಆಸ್ಟ್ರೇಲಿಯನ್ ಓಪನ್ ಮುಗಿದಿತ್ತು. ಆದರೂ ಜೋಡಿ ಮುರಿಯಲಿಲ್ಲ. 2023ರಲ್ಲಿ ಇಬ್ಬರೂ ಒಟ್ಟಿಗೇ ನಿವೃತ್ತರಾದರು.

ಕೊಲಂಬಿಯಾದವರು ಸಿಂಗಲ್ಸ್ ಆಡಲೇ ಇಲ್ಲ ಎಂದುಕೊಳ್ಳಬೇಡ. ಇದೇ ಕಾಲಿ ಊರಿನ ಅಲೆಹಾಂಡ್ರೊ ಫಾಯಾ 2010ರ ವಿಂಬಲ್ಡನ್‌ನ ಮೊದಲ ದಿನ ಹಾಲಿ ಚಾಂಪಿಯನ್ ಫೆಡರರ್ ವಿರುದ್ಧ ಮೊದಲ ಎರಡು ಸೆಟ್ ಗೆದ್ದು, ನಾಲ್ಕನೇ ಸೆಟ್‌ನಲ್ಲಿ 5-4ರ ಮುನ್ನಡೆಯಲ್ಲಿ ಪಂದ್ಯ ಮುಗಿಸಲು ಸರ್ವ್‌ಗೆ ನಿಂತಿದ್ದ. ಆ ಒಂದು ಗೇಮ್ ಕೈಗೆ ಬರಲಿಲ್ಲ. ಟೈಬ್ರೇಕ್ ಹೋಯಿತು, ಐದನೇ ಸೆಟ್ 6-0 ಆಯಿತು. ನನಗೆ ಹಿಡಿಸುವುದು ಇದರ ಮುಂದಿನ ಭಾಗ. ನಾಲ್ಕು ವರ್ಷದ ಬಳಿಕ ಜರ್ಮನಿಯ ಹಾಲೆ ಎಂಬ ಊರಿನ ಹುಲ್ಲಿನಂಗಳದ ಫೈನಲ್‌ನಲ್ಲಿ ಫಾಯಾ ಮತ್ತೆ ಅದೇ ಫೆಡರರ್ ಮುಂದೆ ನಿಂತ, ಎರಡು ಟೈಬ್ರೇಕ್‌ಗಳಲ್ಲಿ ಮತ್ತೆ ಸೋತ. ಪೆರೇರಾ ಊರಿನ ಸಾಂಟಿಯಾಗೊ ಹಿರಾಲ್ಡೊ ವಿಶ್ವದ 28ನೇ ಸ್ಥಾನದವರೆಗೆ ಏರಿದ. ಬುಕರಮಾಂಗಾದ ಡೇನಿಯಲ್ ಗಲಾನ್ 2022ರ ಅಮೆರಿಕನ್ ಓಪನ್‌ನಲ್ಲಿ ಸಿಟ್ಸಿಪಾಸ್‌ನಿಂದ ಮೊದಲ ಹನ್ನೊಂದು ಗೇಮ್‌ಗಳನ್ನು ಒಂದೂ ಬಿಡದೆ ಕಿತ್ತುಕೊಂಡ.

ನಿನಗೆ ಹೆಚ್ಚು ಹತ್ತಿರವಾಗುವವರು ಕೂಕುಟಾದ ಇಬ್ಬರು ಹೆಣ್ಣುಮಕ್ಕಳು. ಕೂಕುಟಾ ಎಂದರೆ ವೆನೆಜುವೆಲಾ ಗಡಿಗೆ ತಾಗಿದ ಊರು. ಅಲ್ಲಿನ ಫಾಬಿಯೋಲಾ ಸುಲುವಾಗಾ 2004ರ ಆಸ್ಟ್ರೇಲಿಯನ್ ಓಪನ್ ಸೆಮಿಫೈನಲ್ ತಲುಪಿದಳು. ಕ್ವಾರ್ಟರ್‌ಫೈನಲ್‌ನಲ್ಲಿ ಅಮೆಲಿ ಮೊರೆಸ್ಮೊ ಗಾಯದಿಂದ ಹಿಂದೆ ಸರಿದದ್ದರಿಂದ ಅವಳಿಗೆ ಆಡದೆಯೇ ಗೆಲುವು ಸಿಕ್ಕಿತು, ಸೆಮಿಫೈನಲ್‌ನಲ್ಲಿ ಹೆನಿನ್ ಮುಂದೆ ಸೋತಳು. ಅದೃಷ್ಟ ಎಂದು ಮೂಗು ಮುರಿಯುವವರು ಇದ್ದೇ ಇರುತ್ತಾರೆ. ಅದಕ್ಕೂ ಮೊದಲು ನಾಲ್ಕು ಪಂದ್ಯ ಗೆದ್ದವಳು ಅವಳೇ ತಾನೆ? ಮುಂದಿನ ವರ್ಷ ವಿಶ್ವದ 16ನೇ ಸ್ಥಾನಕ್ಕೇರಿ, ಆ ವರ್ಷದ ಕೊನೆಯ ಹೊತ್ತಿಗೆ, ಇನ್ನೂ 26 ವರ್ಷಕ್ಕೇ, ಆಟ ಬಿಟ್ಟಳು.

ಸುಲುವಾಗಾ ರಾಜಧಾನಿ ಬೊಗೋಟಾದ ಟೂರ್ನಿಯನ್ನು ನಾಲ್ಕು ಬಾರಿ ಗೆದ್ದಿದ್ದಾಳೆ. ಸಮುದ್ರಮಟ್ಟದಿಂದ 2,600 ಮೀಟರ್ ಎತ್ತರದ ಊರು ಅದು. ಗಾಳಿ ತೆಳು. ಕೆಳಗಿನ ಊರಿನಲ್ಲಿ ಗೆರೆಯೊಳಗೆ ಬೀಳುವ ಹೊಡೆತ ಅಲ್ಲಿ ಗೆರೆ ದಾಟಿ ಹಾರಿಬಿಡುತ್ತದೆ. ಹೊರಗಿನಿಂದ ಬಂದವರು ಮಣ್ಣಿನ ಅಂಗಳದಲ್ಲಿ ಚೆಂಡನ್ನು ಹಿಡಿತಕ್ಕೆ ತರಲು ಹೆಣಗುತ್ತಿರುವಾಗ ಸ್ಥಳೀಯರು ಡ್ರಾಪ್ ಶಾಟ್‌ನಲ್ಲಿ ಪಾಯಿಂಟ್ ಕದಿಯುತ್ತಾರೆ. 2010ರಲ್ಲಿ ಬೊಗೋಟಾದವಳೇ ಆದ ಮರಿಯಾನಾ ಡೂಕೆ ಅಲ್ಲಿ ಫೈನಲ್‌ನಲ್ಲಿ ಸೋಲಿಸಿದ್ದು ಮುಂದೆ ವಿಶ್ವದ ಒಂದನೇ ಆಟಗಾರ್ತಿಯಾದ ಆಂಜೆಲಿಕ್ ಕೆರ್ಬರ್‌ಳನ್ನು.

ಕೂಕುಟಾದ ಇನ್ನೊಬ್ಬಳು ಕಮಿಲಾ ಒಸೋರಿಯೊ. ಅವಳ ಅಜ್ಜ ರೊಲಾಂಡೊ ಸೆರಾನೊ 1962ರ ವಿಶ್ವಕಪ್‌ನಲ್ಲಿ ಕೊಲಂಬಿಯಾಕ್ಕೆ ಫುಟ್‌ಬಾಲ್ ಆಡಿದವರು. ಮೊಮ್ಮಗಳು 2019ರಲ್ಲಿ ಅಮೆರಿಕನ್ ಓಪನ್ ಜೂನಿಯರ್ ಪ್ರಶಸ್ತಿಯನ್ನು 6-1, 6-0ರಲ್ಲಿ ಗೆದ್ದಳು. 2021ರಲ್ಲಿ ಸಂಘಟಕರು ಕೊಡುವ ವೈಲ್ಡ್ ಕಾರ್ಡ್ ಪ್ರವೇಶ ಪಡೆದು ಬೊಗೋಟಾಕ್ಕೆ ಬಂದವಳು ಫೈನಲ್‌ನಲ್ಲಿ ಮೊದಲ ಸೆಟ್ ಕಳೆದುಕೊಂಡೂ ಕಪ್ ಎತ್ತಿದಳು. 2024ರಲ್ಲಿ, 2025ರಲ್ಲಿ ಮತ್ತೆ ಗೆದ್ದಳು. ಅಲ್ಲಿಗೆ ಸುಲುವಾಗಾಳ ನಾಲ್ಕಕ್ಕೆ ಇನ್ನೊಂದೇ ಬಾಕಿ ಇತ್ತು.

ಇಷ್ಟಾದರೂ ಆ ದೇಶದ ಮೊದಲ ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿ ಬಂದದ್ದು ಜೋಡಿಯಾಟದಲ್ಲೇ, ಕಬಾಲ್ ಹುಟ್ಟುವುದಕ್ಕೂ ಎಷ್ಟೋ ಮೊದಲು. 1974ರಲ್ಲಿ ಇವಾನ್ ಮೊಲೀನಾ ಪ್ಯಾರಿಸ್ಸಿನಲ್ಲಿ ಮಿಶ್ರ ಡಬಲ್ಸ್ ಗೆದ್ದರು. ಅವರ ಜೊತೆಗಾತಿ ಹದಿನೇಳು ವರ್ಷದ ಹುಡುಗಿ, ಅದು ಅವಳಿಗೂ ಮೊದಲ ಗ್ರ್ಯಾಂಡ್‌ಸ್ಲಾಮ್. ಹೆಸರು ಮಾರ್ಟಿನಾ ನವ್ರಾಟಿಲೋವಾ. ಸಿಂಗಲ್ಸ್‌ನಲ್ಲಿ ಆಗದವಳು ಎಂದು ಅವಳನ್ನು ಕರೆಯುವ ಧೈರ್ಯ ನಿನಗಿದೆಯೇ?

ಕೋಚ್ ಜೊತೆ ನಾನು ಮಾತಾಡುವುದಿಲ್ಲ, ಹೆದರಬೇಡ. ಅದು ನಿನಗೂ ಅವರಿಗೂ ಬಿಟ್ಟದ್ದು. ಆದರೆ ನಿನ್ನ ಜೊತೆ ಆಡಲಿರುವ ಆ ಹುಡುಗಿಯನ್ನು ಮುಂದಿನ ಭಾನುವಾರ ಮನೆಗೆ ಊಟಕ್ಕೆ ಕರೆದುಕೊಂಡು ಬಾ. ಅವಳು ಮೀನು ತಿನ್ನುತ್ತಾಳೋ ಇಲ್ಲವೋ ಶುಕ್ರವಾರದೊಳಗೆ ತಿಳಿಸು, ನಿನ್ನ ಅಪ್ಪ ಮಾರುಕಟ್ಟೆಗೆ ಹೋಗಬೇಕು.

ಇತಿ,
ನಿನ್ನ ಅಮ್ಮ