ಕಾಳಿ ನದಿಯ ಕಯಾಕಿಂಗ್: ಹೊಸಬರು ಗಮನಿಸಿ

ಆತ್ಮೀಯ ಸದಸ್ಯರೇ, ಭಾನುವಾರ ಬೆಳಿಗ್ಗೆ 7 ಗಂಟೆಗೆ ಎಲ್ಲರೂ ಗಣೇಶಗುಡಿಯಲ್ಲಿ ಸೇರಬೇಕೆಂದು ಕೋರುತ್ತೇನೆ. ಸೂಪಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕಾಳಿ ನದಿಯ ಮಟ್ಟ ಮಳೆಯಿಲ್ಲದ ದಿನವೂ ಏರುವುದರಿಂದ, ಮಾರ್ಗದರ್ಶಕರು ಹೇಳುವವರೆಗೆ ಯಾರೂ ನೀರಿಗಿಳಿಯಬಾರದು. ನಮ್ಮಲ್ಲಿ ಹೆಚ್ಚಿನವರು ಮೊದಲ ಬಾರಿಗೆ ಹುಟ್ಟು ಹಿಡಿಯುವವರಾದ್ದರಿಂದ ಲೈಫ್ ಜಾಕೆಟ್ ವಿಷಯದಲ್ಲಿ ರಿಯಾಯಿತಿ ಇಲ್ಲ. ಭುಜದ ಪಟ್ಟಿ ಹಿಡಿದು ಮೇಲಕ್ಕೆಳೆದಾಗ ಅದು ಗಲ್ಲದವರೆಗೆ ಜಾರಿದರೆ ಸಡಿಲವಾಗಿದೆಯೆಂದೇ ಅರ್ಥ, ಪಕ್ಕದವರಿಂದ ಬಿಗಿಸಿಕೊಳ್ಳಿ. ದೋಣಿ ಮಗುಚಿದರೆ ಗಾಬರಿಯಾಗದೆ ಅಂಗಾತ ತೇಲುತ್ತಾ ಪಾದಗಳನ್ನು ನೀರು ಹರಿಯುವ ದಿಕ್ಕಿಗೆ ಚಾಚಿ. ಕಾಲು ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಸೆಳವಿನಲ್ಲಿ ಎದ್ದು ನಿಲ್ಲಲು ಎಂದಿಗೂ ಯತ್ನಿಸಬೇಡಿ. ಈಜು ಬಾರದವರು ಮುಜುಗರಪಡದೆ ಶನಿವಾರ ಸಂಜೆಯೊಳಗೆ ತಿಳಿಸಿದರೆ, ಅವರನ್ನು ಅನುಭವಿಗಳೊಂದಿಗೆ ಇಬ್ಬರ ಕಯಾಕ್‌ನಲ್ಲಿ ಕೂರಿಸುತ್ತೇವೆ.