ಶಾಲೆಯಲ್ಲಿ ಮಕ್ಕಳು ಗೇಮ್ ಆಡುತ್ತಿದ್ದಾರೆ ಅನ್ನೋ ವಿಚಾರಕ್ಕೆ

ಪೋಷಕರೇ, ನಮಸ್ಕಾರ.

ಕಳೆದ ವಾರ ಒಬ್ಬರು ತಂದೆ ಶಿಡ್ಲಘಟ್ಟದ ಮಾರ್ಕೆಟ್‌ಗೆ ರೇಷ್ಮೆ ಗೂಡು ಹಾಕಿ ವಾಪಸ್ ಬರುತ್ತಾ ನೇರ ನನ್ನ ಕೊಠಡಿಗೇ ಬಂದರು. "ಏನ್ ಮೇಡಂ, ಮನೇಲಿ ನಾವು ಮೊಬೈಲ್ ಕಿತ್ಕೊಂಡ್ರೆ ಸ್ಕೂಲಲ್ಲಿ ನೀವೇ ಗೇಮ್ ಆಡಿಸ್ತೀರಂತೆ?" ಅಂದರು. ಸಿಟ್ಟು ಬರೋದು ಸಹಜವೇ. ನಿಮ್ಮಲ್ಲಿ ಇನ್ನೂ ಕೆಲವರು ಹೀಗೇ ಅಂದುಕೊಂಡಿರಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಹೌದು, ಒಂಬತ್ತನೇ ತರಗತಿಯವರು ಶನಿವಾರ ಗೇಮ್ ಆಡುತ್ತಾರೆ. ಆದರೆ ಅದನ್ನು ಮಾಡಿದವರೂ ಅವರೇ. ನಾಲ್ಕು ಬಣ್ಣದ ಪುಟ್ಟ ಎಲ್‌ಇಡಿ, ನಾಲ್ಕು ಬಟನ್, ಒಂದಿಷ್ಟು ವೈರು, ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಆರ್ಡುಯಿನೊ ಯುನೊ ಬೋರ್ಡು, ಅಂದರೆ ನಾವು ಬರೆದುಕೊಟ್ಟ ಹಾಗೆ ಕೆಲಸ ಮಾಡುವ ಒಂದು ಪುಟ್ಟ ಕಂಪ್ಯೂಟರ್. ದೀಪಗಳು ಒಂದಾದ ಮೇಲೊಂದು ಹೊತ್ತುತ್ತವೆ, ಅದನ್ನು ನೆನಪಿಟ್ಟುಕೊಂಡು ಅದೇ ಸಾಲಿನಲ್ಲಿ ಬಟನ್ ಒತ್ತಬೇಕು, ಸರಿಯಾಗಿ ಒತ್ತಿದರೆ ಮುಂದಿನ ಸಲ ಒಂದು ದೀಪ ಜಾಸ್ತಿ. 1978ರಲ್ಲಿ ಅಮೆರಿಕದಲ್ಲಿ ಸೈಮನ್ ಅಂತ ಒಂದು ಆಟಿಕೆ ಬಂದಿತ್ತು, ಅದರದ್ದೇ ಆಟ. ಆ ಬೋರ್ಡಿನ ಚಿಪ್‌ನಲ್ಲಿ ಪ್ರೋಗ್ರಾಂಗೆ ಇರುವ ಜಾಗ ಬರೀ 32 ಕೆಬಿ. ನಮ್ಮ ವಾಟ್ಸಾಪ್‌ಗೆ ಬೆಳಗಾದರೆ ಬಂದು ಬೀಳುವ ಶುಭೋದಯದ ಫೋಟೋ ಒಂದೂ ಅದರಲ್ಲಿ ಹಿಡಿಸೋದು ಕಷ್ಟ.

ನಿಮ್ಮ ತೋಟದ ಸ್ಟಾರ್ಟರ್ ನೆನಪಿಸಿಕೊಳ್ಳಿ. ಹಸಿರು ಬಟನ್ ಒತ್ತಿದರೆ ಕಾಯಿಲ್‌ಗೆ ಕರೆಂಟ್ ಹೋಗಿ ಮೋಟರ್ ಓಡುತ್ತೆ. ಇಲ್ಲಿ ಹಾಗಲ್ಲ, ಬಟನ್‌ಗೂ ದೀಪಕ್ಕೂ ನೇರ ಸಂಬಂಧವೇ ಇಲ್ಲ. ಚಿಪ್ಪು ಸೆಕೆಂಡಿಗೆ ಸಾವಿರಾರು ಸಲ "ಒತ್ತಿದ್ರಾ? ಒತ್ತಿದ್ರಾ?" ಅಂತ ನೋಡುತ್ತಾ ಇರುತ್ತೆ, ಒತ್ತಿದರೆ ಏನು ಮಾಡಬೇಕು ಅನ್ನೋದನ್ನು ಮಕ್ಕಳೇ ಬರೆದುಕೊಡಬೇಕು.

ಮೊದಲ ಶನಿವಾರ ಜಗಳವೇ ಆಯಿತು. ಒಬ್ಬ ಹುಡುಗಿ ಒಂದೇ ಸಲ ಒತ್ತಿದೆ ಅಂತಾಳೆ, ಗೇಮ್ ಮೂರು ಸಲ ಅಂತ ಲೆಕ್ಕ ಹಾಕಿ ಔಟ್ ಮಾಡುತ್ತೆ. ಪಕ್ಕದವನು ಇವಳದ್ದೇ ತಪ್ಪು ಅಂದ. ವಿಜ್ಞಾನದ ಮೇಷ್ಟ್ರು ಏನೂ ಹೇಳಲಿಲ್ಲ, ಪ್ರತಿ ಒತ್ತಿಗೂ ಚಿಪ್ ಎಷ್ಟು ಎಣಿಸುತ್ತೆ ಅಂತ ಕಂಪ್ಯೂಟರ್‌ನಲ್ಲಿ ತೋರಿಸಿ ಅಂದರು. 3 ಬಂತು, ಆಮೇಲೆ 1, ಆಮೇಲೆ 4. ನೆಲಕ್ಕೆ ಬಿದ್ದ ನಾಣ್ಯ ಒಂದೇ ಏಟಿಗೆ ಸುಮ್ಮನಾಗಲ್ಲ ಅಲ್ವಾ? ಬಟನ್ ಒಳಗಿನ ಲೋಹದ ತುಂಡೂ ಹಾಗೇ ಕೆಲವು ಮಿಲಿಸೆಕೆಂಡ್ ಕುಣಿಯುತ್ತೆ. ನಮ್ಮ ಬೆರಳಿಗೆ ಅದು ಗೊತ್ತಾಗಲ್ಲ, ಚಿಪ್‌ಗೆ ಗೊತ್ತಾಗುತ್ತೆ. ಮೊದಲ ಒತ್ತಾದ ಮೇಲೆ 50 ಮಿಲಿಸೆಕೆಂಡ್ ಏನು ಬಂದರೂ ಲೆಕ್ಕಕ್ಕೆ ತಗೋಬೇಡ ಅಂತ ಮಕ್ಕಳು ಪ್ರೋಗ್ರಾಂನಲ್ಲಿ ಬರೆದರು, ಸರಿಹೋಯಿತು.

ಇನ್ನೊಂದು ಇನ್ನೂ ಚೆನ್ನಾಗಿತ್ತು. ಇಬ್ಬರು ಹುಡುಗರು ಹನ್ನೆರಡು, ಹದಿಮೂರು ದೀಪದವರೆಗೂ ತಪ್ಪದೆ ಹೋಗುತ್ತಿದ್ದರು. ಎಷ್ಟು ನೆನಪಿನ ಶಕ್ತಿ ಅಂತ ನಾನೂ ಬೆನ್ನು ತಟ್ಟಿದೆ. ಹಿಂದಿನ ಬೆಂಚಿನ ಒಬ್ಬಳು, ಜಾಸ್ತಿ ಮಾತೇ ಆಡದವಳು, ನೋಟ್‌ಬುಕ್ಕಿನ ಕೊನೇ ಹಾಳೆ ತೋರಿಸಿದಳು. ಕೆಂಪು, ಹಸಿರು, ಹಸಿರು, ನೀಲಿ... ವೈರು ಕಿತ್ತು ಮತ್ತೆ ಹಾಕಿದಾಗಲೆಲ್ಲ ಅದೇ ಸಾಲು! ಹುಡುಗರು ಮಗ್ಗಿ ಥರ ಬಾಯಿಪಾಠ ಮಾಡಿದ್ದರು ಅಷ್ಟೇ. ಚಿಪ್ಪು ಮನಸ್ಸಿಗೆ ಬಂದ ಅಂಕಿ ಹೇಳುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ, ಅದು ಮಾಡೋದು ಒಂದು ಲೆಕ್ಕ. ಶುರುವಿನ ಅಂಕಿ ಅದೇ ಆದರೆ ಉತ್ತರಗಳೂ ಅವೇ. ಈಗ ಬೋರ್ಡಿನಲ್ಲಿ ಏನೂ ಜೋಡಿಸದೆ ಖಾಲಿ ಬಿಟ್ಟ ಒಂದು ಅನಲಾಗ್ ಪಿನ್ (ವೋಲ್ಟೇಜ್ ಅಳೆದು ಅಂಕಿಯಾಗಿ ಹೇಳುವ ಪಿನ್) ಓದಿ, ಅಲ್ಲಿ ಹೊಯ್ದಾಡುವ ಅಂಕಿಯಿಂದ ಶುರು ಮಾಡುತ್ತಾರೆ. ಹುಡುಗರ ಸ್ಕೋರ್ ಐದಕ್ಕೆ ಬಂದು ನಿಂತಿದೆ. ನನ್ನದು ಆರು, ಹೇಳಿಬಿಡುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಮನೆಯಲ್ಲಿ ಗಟ್ಟಿಯಾಗಿ ಹೇಳಿ. ಶಾಲೆಯಲ್ಲಿ ಎಲ್ಲ ನಡೆಯೋದು ಯುಎಸ್‌ಬಿಯ 5 ವೋಲ್ಟ್‌ನಲ್ಲಿ. ಕರೆಂಟ್ ಜಾಸ್ತಿ ಹರಿಯದಂತೆ ತಡೆಯುವ 220 ಓಮ್ ರೆಸಿಸ್ಟರ್ ಹಾಕೋದು ಮರೆತರೆ ಒಂದು ಎಲ್‌ಇಡಿ ಹೋಗಬಹುದು, ಈಗಾಗಲೇ ಮೂರು ಹೋಗಿವೆ, ಪರವಾಗಿಲ್ಲ. ಗೋಡೆಯ ಪ್ಲಗ್ಗಿನಲ್ಲಿರೋದು 230 ವೋಲ್ಟ್. "ಇದನ್ನ ಸ್ಟಾರ್ಟರ್ ಬಾಕ್ಸ್‌ಗೆ ಕೊಡಬಹುದಾ ಮಿಸ್?" ಅಂತ ಒಬ್ಬ ಆಗಲೇ ಕೇಳಿದ್ದಾನೆ. ಬೇಡವೇ ಬೇಡ. ಪ್ಲಗ್ಗು, ಸ್ಟಾರ್ಟರ್ ಹತ್ತಿರ ಯಾರೂ ಪ್ರಯೋಗ ಮಾಡಬಾರದು.

ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ವಾರ ಶನಿವಾರ ಮಧ್ಯಾಹ್ನ ಮಕ್ಕಳನ್ನು ಉಳಿಸಿಕೊಳ್ಳಬೇಡಿ ಅಂತ ಕೆಲವರು ಕೇಳಿದ್ದೀರಿ. ಆಯಿತು, ಒಂದು ಚೀಟಿ ಬರೆದು ಕಳಿಸಿ ಸಾಕು. ದುಡ್ಡು ಯಾರೂ ಕೊಡಬೇಕಾಗಿಲ್ಲ. ಬಿಡುವಿದ್ದರೆ ಬಂದು ನೀವೂ ಒಂದು ಆಟ ಆಡಿ.

ನಿಮ್ಮ
ಮುಖ್ಯ ಶಿಕ್ಷಕಿ

ಮರೆತೆ: ಪ್ರಿಂಟರ್‌ಗೆ ಹಾಕುವ, ಒಂದು ತುದಿ ಚೌಕ ಇರುವ ಯುಎಸ್‌ಬಿ ವೈರು ಯಾರ ಮನೆಯಲ್ಲಾದರೂ ಸುಮ್ನೆ ಬಿದ್ದಿದ್ದರೆ ಕಳಿಸಿಕೊಡಿ. ಇರೋದು ಎರಡೇ, ಅದಕ್ಕೂ ಜಗಳ ಆಗುತ್ತಿದೆ.