ದೋಸ್ತ, ಆ ಒಂದು ಮಾತು ವಾಪಸ್ ತಗೋ

ಕಲಬುರಗಿ
24 ಸೆಪ್ಟೆಂಬರ್ 2025

ದೋಸ್ತ,

ಭಾನುವಾರ ರಾತ್ರಿ ನೀನು ಕಳಿಸಿದ ಮೆಸೇಜಿಗೆ ನಾನು ಉತ್ತರ ಕೊಡಲಿಲ್ಲ. ಮೂರು ದಿನ ಆಯ್ತು. ಸಿಟ್ಟಾಗಿದ್ದೇನೆ ಅಂದುಕೊಂಡಿರುತ್ತೀಯ. ಸಿಟ್ಟಿಲ್ಲ. ಹೇಳುವುದು ಜಾಸ್ತಿ ಇತ್ತು. ಮೊಬೈಲಿನಲ್ಲಿ ಒಂದೊಂದೇ ಸಾಲು ಒತ್ತುತ್ತಾ ಕೂತರೆ ನಮ್ಮಿಬ್ಬರದು ಯಾವಾಗಲೂ ಜಗಳಕ್ಕೇ ಹೋಗುತ್ತದೆ. ಅದಕ್ಕೇ ಈ ಪತ್ರ. ನಮ್ಮ ಹಳೆಯ ಹುಡುಗರೆಲ್ಲ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಅವರೂ ಆ ಮ್ಯಾಚಿನಲ್ಲಿ ಆಡಿದವರೇ. ಯಾವ ಮ್ಯಾಚು ಅಂತ ಆಮೇಲೆ ಹೇಳುತ್ತೇನೆ.

ಈ ಭಾನುವಾರ ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಟ್ಟು, ಹೋಳಿಗೆ ಊಟ ಮುಗಿಯುವಾಗ ಮಧ್ಯಾಹ್ನ ಮೂರು ದಾಟಿತ್ತು. ಕಾಕಾ, ಕಾಕಿ, ಅವರ ಮಕ್ಕಳು ಎಲ್ಲ ಬಂದಿದ್ದರು. ರಾತ್ರಿ ಎಂಟಕ್ಕೆ ದುಬೈನಲ್ಲಿ ಏಷ್ಯಾ ಕಪ್, ಭಾರತ ಮತ್ತು ಪಾಕಿಸ್ತಾನ. ಹಾಗಾಗಿ ಯಾರೂ ಊರಿಗೆ ಹೋಗಲಿಲ್ಲ. ಒಂಬತ್ತಕ್ಕೆ ಲಂಡನ್ನಿನಲ್ಲಿ ಫುಟ್‌ಬಾಲ್, ನಮ್ಮ ಆರ್ಸೆನಲ್, ನಿಮ್ಮ ಮ್ಯಾಂಚೆಸ್ಟರ್ ಸಿಟಿ. ಅಂಥ ದಿನ ಟಿವಿ ಕೇಳುವ ಮಾತೇ ಇಲ್ಲ, ಅಲ್ವಾ? ನಾನು ಮಾಳಿಗೆ ಮೆಟ್ಟಿಲ ಮೇಲೆ ಮೊಬೈಲ್ ಹಿಡಿದು ಕೂತೆ. ಹೊರಗೆ ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಈ ಸಲ ಮಳೆ ನಿಂತೇ ಇಲ್ಲ ದೋಸ್ತ. ಹೊಲದಲ್ಲಿ ನೀರು ನಿಂತು ತೊಗರಿ ಹಳದಿಯಾಗಿದೆ. ಅಪ್ಪ ದಿನಾ ಹೋಗಿ ನೋಡಿ, ಏನೂ ಮಾತಾಡದೆ ಬರುತ್ತಾರೆ.

ಈಗ, 1-1 ಆಗಿ ಮುಗಿದ ಆ ಆಟದ ಮೇಲೆ, ನಿಮ್ಮ ಕೋಚ್ ಪೆಪ್ ಗಾರ್ಡಿಯೋಲಾ ಬಗ್ಗೆ ನೀನು ಹಾಕಿದ ಮೆಸೇಜು. 'ಪೆಪ್ ಪ್ಲಾನ್ ಸೂಪರ್ ಇತ್ತು, ಕೊನೇ ನಿಮಿಷ ತಪ್ಪಿತು.' ಇಷ್ಟೇ. ಅದನ್ನು ನಾನು ನಾಲ್ಕೈದು ಸಲ ಓದಿದೆ. ನೀನು ಹೇಳಿದ್ದು ನಿಜ. ಆದರೆ ಅಂಥದ್ದೇ ಆಟವನ್ನು ನನ್ನ ತಂಡ ಆಡಿದಾಗ ನೀನು ಏನಂದಿದ್ದೆ, ನೆನಪಿದೆಯಾ?

2024ರ ಸೆಪ್ಟೆಂಬರ್ 22. ಅದೂ ಭಾನುವಾರ, ಅದೂ ರಾತ್ರಿ ಒಂಬತ್ತಕ್ಕೆ, ಇದೇ ಎರಡು ತಂಡ, ನಿಮ್ಮ ಎತಿಹಾದ್ ಮೈದಾನದಲ್ಲಿ. ಒಂಬತ್ತನೇ ನಿಮಿಷಕ್ಕೆ ನಿಮ್ಮ ಹಾಲಂಡ್ ಗೋಲು. ಆಮೇಲೆ ನಿಮ್ಮ ರೋಡ್ರಿ ಮೊಣಕಾಲು ಹಿಡಿದು ಹೊರಗೆ ಹೋದ. ನಮ್ಮ ಕಲಾಫಿಯೋರಿ ಗೋಲಿನ ಮುಂದಿನ ಬಾಕ್ಸಿನ ಹೊರಗಿನಿಂದ ತಿರುಗಿಸಿ ಹೊಡೆದು ಸಮ ಮಾಡಿದ. ಮೊದಲರ್ಧ ಮುಗಿಯುವ ಹೊತ್ತಿಗೆ ಸಾಕಾ ತೆಗೆದ ಕಾರ್ನರ್‌ಗೆ ಗ್ಯಾಬ್ರಿಯಲ್ ತಲೆ ಕೊಟ್ಟ. ನಾವು 2-1 ಮುಂದೆ. ಆ ಖುಷಿ ಇಳಿಯುವ ಮೊದಲೇ ನಮ್ಮ ಟ್ರೊಸಾರ್ ಚೆಂಡು ದೂರ ಒದ್ದ ಅಂತ ಎರಡನೇ ಹಳದಿ ಕಾರ್ಡ್. ಹೊರಗೆ.

ಇನ್ನು ಇಡೀ ಅರ್ಧ ಆಟ, ಹತ್ತೇ ಜನ, ಎದುರಿಗೆ ನಾಲ್ಕು ವರ್ಷ ಸತತ ಇಂಗ್ಲೆಂಡಿನ ಲೀಗ್ ಗೆದ್ದ ತಂಡ. ನಮ್ಮ ಕೋಚ್ ಅರ್ತೆಟಾ ಏನು ಮಾಡಿದರು? ಸಾಕಾನನ್ನು ಕೂರಿಸಿ ಬೆನ್ ವೈಟ್‌ನನ್ನು ಇಳಿಸಿದರು. ಹಿಂದೆ ಐದು ಜನ, ಮುಂದೆ ನಾಲ್ಕು ಜನ, ಎರಡು ಗೋಡೆ. ಎರಡೂ ಗೋಡೆಗಳ ನಡುವೆ ಒಬ್ಬ ಆಳು ತಿರುಗುವಷ್ಟೂ ಜಾಗ ಇಲ್ಲ. ನಡುಭಾಗ ಪೂರ್ತಿ ಮುಚ್ಚಿದರು. 'ಬದಿಗೆ ಹೋಗಿ, ದೂರದಿಂದ ಎಷ್ಟು ಬೇಕಾದರೂ ಹೊಡೀರಿ' ಅಂತ ಬಿಟ್ಟರು. ಸಲಿಬಾ ಒಂದು ಕಡೆ, ಗ್ಯಾಬ್ರಿಯಲ್ ಒಂದು ಕಡೆ, ಹಾಲಂಡ್ ನಡುವೆ ಸಿಕ್ಕಿಬಿದ್ದ. ಆ ಅರ್ಧದಲ್ಲಿ ಸಿಟಿ 28 ಸಲ ಗೋಲಿನ ಕಡೆ ಹೊಡೆಯಿತು. ನಮ್ಮ ಹತ್ತಿರ ಚೆಂಡು ಇದ್ದದ್ದು ನೂರಕ್ಕೆ ಹನ್ನೆರಡರಷ್ಟು ಹೊತ್ತು. ಆದರೂ 90 ನಿಮಿಷ ದಾಟಿತು. 95 ದಾಟಿತು. 98ನೇ ನಿಮಿಷಕ್ಕೆ ಒಂದು ಕಾರ್ನರ್, ಯಾರದ್ದೋ ಕಾಲಿಗೆ ಬಡಿದು ಬಂದ ಚೆಂಡು, ಸ್ಟೋನ್ಸ್ ಒಳಗೆ ತಳ್ಳಿದ. 2-2.

ನೀನು ಬೆಂಗಳೂರಿನಿಂದ ಆಗಲೇ ಫೋನ್ ಮಾಡಿದೆ. 'ಹೇಡಿ ಆಟ ಆಡಿದವರಿಗೆ ಹೀಗೇ ಆಗಬೇಕು' ಅಂದೆ.

ಬೇರೆ ಯಾರಾದರೂ ಅಂದಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ನೀನು ಅಂದದ್ದು ನೋವಾಯಿತು. ಯಾಕೆ ಅಂತ ಈಗ ಹೇಳುತ್ತೇನೆ.

ಡಿಗ್ರಿ ಕೊನೇ ವರ್ಷ. ಕಲಬುರಗಿಯ ನಮ್ಮ ಎನ್.ವಿ. ಮೈದಾನ. ರಾತ್ರಿಯಿಡೀ ಮಳೆ ಬಂದು ಎರಿ ಮಣ್ಣು ಬೂಟಿಗೆ ಮೆತ್ತಿಕೊಳ್ಳುತ್ತಿತ್ತು. ಒಂದೊಂದು ಕಾಲು ಎರಡು ಕಿಲೋ ಭಾರ. ಎದುರಿನ ತಂಡ ಹೊರಗಿನ ಊರಿನದ್ದು, ನಮಗಿಂತ ಗಟ್ಟಿ. ಇಪ್ಪತ್ತನೇ ನಿಮಿಷಕ್ಕೆ ನೀನು ಗೋಲು ಹೊಡೆದೆ. ಎಡಗಾಲಲ್ಲಿ, ಅವರ ಗೋಲಿ (ಗೋಲ್‌ಕೀಪರ್) ಕೈಗೆ ತಾಗಿ ಒಳಗೆ ಹೋದದ್ದು. ಅರ್ಧ ಮುಗಿಯುವ ಮೊದಲೇ ಅದೇ ಮಣ್ಣಿನಲ್ಲಿ ನಿನ್ನ ಹಿಮ್ಮಡಿ ಹೊರಳಿತು. ಹನ್ನೆರಡನೇ ಹುಡುಗ ಬಿತ್ತನೆಗೆ ಅಂತ ಊರಿಗೆ ಹೋಗಿದ್ದ. ಹತ್ತೇ ಜನ ಉಳಿದೆವು. ನಾನು ಸ್ಟಾಪರ್, ಹಿಂದೆ ನಡುವೆ ನಿಂತು ತಡೆಯುವವನು.

ಅವತ್ತು ಯಾವ ಕೋಚೂ ನಮಗೆ ಏನೂ ಹೇಳಿಕೊಡಲಿಲ್ಲ. ನಾವೇ ನಿಂತಲ್ಲಿ ತೀರ್ಮಾನ ಮಾಡಿದೆವು. ಎಲ್ಲರೂ ಹಿಂದೆ ಬನ್ನಿ, ನಡುವೆ ಬಿಡಬೇಡಿ, ಬದಿಯಿಂದ ಬಂದದ್ದನ್ನು ತಲೆಯಿಂದ ಹೊರಗೆ ಹಾಕೋಣ ಅಂತ. ಆ ನಲವತ್ತೈದು ನಿಮಿಷದಲ್ಲಿ ನಾನು ಕಲಿತಷ್ಟು ಫುಟ್‌ಬಾಲ್ ಅದಕ್ಕೂ ಮೊದಲು ಕಲಿತಿರಲಿಲ್ಲ. ಚೆಂಡು ಕಾಲಲ್ಲಿ ಇಲ್ಲದಾಗ ಎಷ್ಟು ಓಡಬೇಕು ಅಂತ ಗೊತ್ತಾಯ್ತು. ಪಕ್ಕದವನು ಎರಡು ಹೆಜ್ಜೆ ಸರಿದರೆ ನಾನೂ ಎರಡು ಹೆಜ್ಜೆ ಸರಿಯಬೇಕು. ಒಬ್ಬ ಕ್ಷಣ ಮೈಮರೆತರೆ ಹತ್ತೂ ಜನರ ಕಷ್ಟ ನೀರಿಗೆ ಹೋಗುತ್ತದೆ. ಬಾಯಿ ಒಣಗುವಷ್ಟು ಕೂಗಬೇಕು. 'ಬಲಕ್ಕೆ ನೋಡು, ಹಿಂದೆ ನೋಡು, ಬಿಡು, ಹೊರಗೆ ಹಾಕು.' ನನ್ನ ದನಿ ಎರಡು ದಿನ ಬಂದಿರಲಿಲ್ಲ.

ಕೊನೇ ನಿಮಿಷದ ಕಾರ್ನರ್‌ಗೆ ಗೋಲು ಬಿತ್ತು. 1-1. ನಾನು ಆ ಕೆಸರಿನಲ್ಲೇ ಕೂತುಬಿಟ್ಟೆ. ನೀನು ಹೊರಗಿನಿಂದ ಕುಂಟುತ್ತಾ ಬಂದೆ. ನಮ್ಮ ಗೋಲಿಯನ್ನು ಅಪ್ಪಿಕೊಂಡೆ. ನಿನ್ನ ಕುಡಿಯುವ ನೀರಿನ ಬಾಟಲಿಯಿಂದ ನನ್ನ ಮೊಣಕಾಲಿನ ಮಣ್ಣು ತೊಳೆದೆ. ಅವತ್ತು ನಿನ್ನ ಬಾಯಲ್ಲಿ 'ಹೇಡಿ' ಅನ್ನುವ ಮಾತು ಬಂದಿರಲಿಲ್ಲ ದೋಸ್ತ.

ಎತಿಹಾದಿನಲ್ಲಿ ಗ್ಯಾಬ್ರಿಯಲ್ ನೆಲಕ್ಕೆ ಕುಸಿದಾಗ ನನಗೆ ಕಂಡದ್ದು ಎನ್.ವಿ. ಮೈದಾನ. ನಿನಗೂ ಅದೇ ಕಾಣಬೇಕಿತ್ತು ಅಂತ ನನ್ನ ಆಸೆ. ಇಷ್ಟೇ ನನ್ನ ದೂರು.

ಈ ಭಾನುವಾರಕ್ಕೆ ಬರೋಣ. ಮತ್ತೆ ಒಂಬತ್ತನೇ ನಿಮಿಷ, ಮತ್ತೆ ಹಾಲಂಡ್! ಆ ಗೋಲನ್ನು ನಾನು ಆಮೇಲೆ ಬಹಳ ಸಲ ನೋಡಿದೆ. ಚೆಂಡು ಇನ್ನೂ ನಿಮ್ಮ ಅರ್ಧದಲ್ಲೇ ಇದೆ. ಹಾಲಂಡ್ ತಾನೇ ಹಿಂದೆ ಬಂದು ರೈಂಡರ್ಸ್‌ಗೆ ಕೊಟ್ಟ. ಕೊಟ್ಟು ನಿಲ್ಲಲಿಲ್ಲ, ಓಡಿದ. ರೈಂಡರ್ಸ್ ನಡುಭಾಗ ಪೂರ್ತಿ ಹೊತ್ತುಕೊಂಡು ಹೋಗಿ ವಾಪಸ್ ಅವನಿಗೇ ಕೊಟ್ಟ. ನಮ್ಮ ಕಡೆ ಅಡ್ಡ ಬರಲು ಯಾರೂ ಇರಲಿಲ್ಲ. ಚೆನ್ನಾಗಿತ್ತು, ಒಪ್ಪುತ್ತೇನೆ.

ಆಮೇಲೆ ಸಿಟಿ ಹಿಂದೆ ಸರಿಯಿತು. ಗಾರ್ಡಿಯೋಲಾ ಬಾರ್ಸಿಲೋನಾ, ಬಯರ್ನ್, ಸಿಟಿ ಅಂತ ಇಷ್ಟು ವರ್ಷ ಕೋಚ್ ಆಗಿದ್ದಾರಲ್ಲ, ಲೀಗ್ ಆಟದಲ್ಲಿ ಅವರ ತಂಡದ ಹತ್ತಿರ ಚೆಂಡು ಇಷ್ಟು ಕಡಿಮೆ ಹೊತ್ತು ಇದ್ದದ್ದು ಇದೇ ಮೊದಲು. ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು. ಫೋಡೆನ್‌ನನ್ನು ತೆಗೆದು ನೇಥನ್ ಅಕೆ ಬಂದ. ಹಾಲಂಡ್‌ನನ್ನೇ ತೆಗೆದು ನಿಕೋ ಗೊನ್ಸಾಲೆಸ್ ಬಂದ. ಹಿಂದೆ ಐದು, ಮುಂದೆ ನಾಲ್ಕು. ಅದೇ ಎರಡು ಗೋಡೆ. ಚೆಂಡೇ ನನ್ನ ಜೀವ ಅನ್ನುತ್ತಿದ್ದ ಮನುಷ್ಯ ಚೆಂಡು ಬಿಟ್ಟುಕೊಟ್ಟು ನಿಂತರು.

ಅದನ್ನು ನಾನು ಹೇಡಿತನ ಅನ್ನುವುದಿಲ್ಲ. ನಿಮ್ಮವರು ಹಿಂದಿನ ಭಾನುವಾರ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ ಆಡಿ 3-0 ಗೆದ್ದಿದ್ದರು. ಗುರುವಾರ ನಾಪೋಲಿ ಜೊತೆ ಆಡಿದ್ದರು. ನಮ್ಮವರು ಬಿಲ್ಬಾವೊದಲ್ಲಿ ಆಡಿದ್ದು ಮಂಗಳವಾರ, ಎರಡು ದಿನ ಜಾಸ್ತಿ ವಿಶ್ರಾಂತಿ. ಎಂಟು ದಿನದಲ್ಲಿ ಮೂರು ದೊಡ್ಡ ಮ್ಯಾಚು ಆಡಿದ ಕಾಲುಗಳನ್ನು ನೋಡಿ ಗಾರ್ಡಿಯೋಲಾ ಆ ತೀರ್ಮಾನ ಮಾಡಿದರು. ಡಿಯಾಸ್ ಮತ್ತು ಗ್ವಾರ್ಡಿಯೋಲ್ ನಿಂತ ರೀತಿ ನನಗೆ ತುಂಬಾ ಇಷ್ಟವಾಯಿತು. ಸ್ಟಾಪರ್ ಆಗಿ ಆಡಿದವನಿಗೆ ಅದು ಕಾಣದೆ ಇರುವುದಿಲ್ಲ.

ಅರ್ಧ ವಿರಾಮದ ಹೊತ್ತಿಗೆ ಒಳಗೆ ಪಾಕಿಸ್ತಾನದ ಬ್ಯಾಟಿಂಗೂ ಮುಗಿದಿತ್ತು. ಕಾಕಾ ಚಾ ಹಿಡಿದುಕೊಂಡು ಮೆಟ್ಟಿಲಿಗೆ ಬಂದು ನನ್ನ ಪಕ್ಕ ಕೂತರು. 'ಯಾಕೋ, ಮುಖ ಸಪ್ಪಗೆ ಐತಿ?' ಅಂದರು. ನಾನು ಎಲ್ಲ ಹೇಳಿದೆ. ನಿನ್ನ ಆ ಹಳೆಯ ಮಾತನ್ನೂ ಹೇಳಿದೆ. ಅವರು ರಹೀಮ್ ಸಾಹೇಬರ ಕಥೆ ತೆಗೆದರು. ನಮ್ಮ ಅಜ್ಜ ನಿಜಾಮರ ಕಾಲದಲ್ಲಿ ಹೈದರಾಬಾದಿನಲ್ಲಿ ಇದ್ದವರಲ್ಲ, ಅಲ್ಲಿನ ಫುಟ್‌ಬಾಲ್ ಮಾತು ನಮ್ಮ ಮನೆಗೆ ಅವರಿಂದಲೇ ಬಂದದ್ದು. ಸೈಯದ್ ಅಬ್ದುಲ್ ರಹೀಮ್. 1951ರಲ್ಲೂ 1962ರಲ್ಲೂ ಭಾರತಕ್ಕೆ ಏಷ್ಯನ್ ಗೇಮ್ಸ್ ಚಿನ್ನ ತಂದ ಕೋಚ್. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾವು ನಾಲ್ಕನೇ ಸ್ಥಾನಕ್ಕೆ ಬಂದದ್ದೂ ಅವರ ಕೈಯಲ್ಲೇ. 1962ರಲ್ಲಿ ಜಕಾರ್ತಾದಲ್ಲಿ ಜರ್ನೈಲ್ ಸಿಂಗ್‌ಗೆ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ಜರ್ನೈಲ್ ಹಿಂದೆ ನಿಂತು ಗೋಲು ಕಾಯುವ ಆಟಗಾರ. ರಹೀಮ್ ಅವರನ್ನು ಮುಂದೆ ತಂದು ಗೋಲು ಹೊಡೆಯುವ ಜಾಗಕ್ಕೆ ಹಾಕಿದರು. ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು. 2-1. ಚಿನ್ನ.

'ಇದ್ದವರನ್ನ ನೋಡಿ ಆಡಿಸೂದಪಾ ಆಟ ಅಂದ್ರ' ಅಂದರು ಕಾಕಾ. ಚಾ ಮುಗಿಸಿ ಕ್ರಿಕೆಟ್ಟಿಗೆ ಹೋದರು.

ಆ ಮಾತು ಕೇಳಿದ ಮೇಲೆ ನನಗೆ ನಮ್ಮ ಅರ್ತೆಟಾ ಮೇಲೆ ಬೇಸರ ಬಂತು. ಇದನ್ನು ನಿನ್ನ ಮುಂದೆ ಒಪ್ಪಿಕೊಳ್ಳಲೇಬೇಕು. ನಮ್ಮ ಮನೆಯಂಗಳ, ಹನ್ನೊಂದು ಜನ, ದಣಿದ ಎದುರಾಳಿ. ಆದರೂ ನಡುಭಾಗದಲ್ಲಿ ರೈಸ್, ಜುಬಿಮೆಂಡಿ, ಮೆರಿನೋ. ಮೂವರೂ ಒಳ್ಳೆಯವರು, ಆದರೆ ಮುಚ್ಚಿದ ಬಾಗಿಲು ತೆರೆಯುವ ಕೀಲಿ ಆ ಮೂವರಲ್ಲಿ ಇಲ್ಲ. ಆ ಕೀಲಿ ಇದ್ದದ್ದು ಎಝೆ ಹತ್ತಿರ. ಅವನು ಬೆಂಚಿನ ಮೇಲೆ ಕೂತಿದ್ದ. ಎರಡನೇ ಅರ್ಧಕ್ಕೆ ಅವನೂ ಸಾಕಾನೂ ಬಂದ ಮೇಲೆ ಆಟದ ಬಣ್ಣವೇ ಬದಲಾಯಿತು. ಹತ್ತು ಜನರಾದಾಗ ಹಿಂದೆ ನಿಲ್ಲುವುದು ಬೇರೆ, ಹನ್ನೊಂದು ಜನ ಇದ್ದೂ ಮನೆಯಲ್ಲೇ ಅಂಜಿಕೊಂಡು ಶುರುಮಾಡುವುದು ಬೇರೆ. ನೀನು ಬಯ್ಯುವುದಾದರೆ ಆ ಮೊದಲರ್ಧಕ್ಕೆ ಬಯ್ಯಿ, ನಾನೂ ದನಿ ಸೇರಿಸುತ್ತೇನೆ.

ಆ ಕೊನೇ ಗೋಲು. ಹೆಚ್ಚುವರಿ ಸಮಯದ ಮೂರನೇ ನಿಮಿಷ. ಅಲ್ಲಿ ನಿಮ್ಮ ಗೋಡೆ ಒಂದು ತಪ್ಪು ಮಾಡಿತು ದೋಸ್ತ, ಸ್ಟಾಪರ್ ಆಗಿ ಹೇಳುತ್ತೇನೆ. ಇಡೀ ಆಟ ತಮ್ಮ ಬಾಕ್ಸಿನ ಹತ್ತಿರ ನಿಂತವರು ಆ ಒಂದು ಸಲ ಮುಂದೆ ಬಂದಿದ್ದರು. ಬೆನ್ನ ಹಿಂದೆ ಜಾಗ ಬಿತ್ತು. ಆದರೆ ಎಝೆ ಕಾಲಲ್ಲಿ ಚೆಂಡು ಇದ್ದಾಗ ಅವನ ಮೇಲೆ ಯಾರೂ ಬೀಳಲಿಲ್ಲ. ಮುಂದೆ ಬಂದರೆ ಚೆಂಡಿನ ಮೇಲೆ ಬೀಳಬೇಕು, ಬೀಳದಿದ್ದರೆ ಹಿಂದೆಯೇ ಇರಬೇಕು. ಎರಡರ ನಡುವೆ ಸಿಕ್ಕರೆ ಮುಗಿಯಿತು. ಎಝೆ ಎತ್ತಿ ಹಾಕಿದ, ನಮ್ಮ ಮಾರ್ಟಿನೆಲ್ಲಿ ಓಡಿದ, ನಿಮ್ಮ ಗೋಲಿ ಡೊನ್ನರುಮ್ಮಾ ಮುಂದೆ ಬಂದ. ಅಷ್ಟು ಎತ್ತರದ ಗೋಲಿಯ ತಲೆ ಮೇಲಿಂದ ಮಾರ್ಟಿನೆಲ್ಲಿ ಮೆಲ್ಲಗೆ ಚೆಂಡು ದಾಟಿಸಿಬಿಟ್ಟ! 1-1. ನಾನು ಕೂಗಿದ ದನಿಗೆ ಒಳಗಿನಿಂದ ಅವ್ವ 'ಸಿಕ್ಸರ್ ಹೊಡೆದ್ರೇನೋ?' ಅಂತ ಕೇಳಿದರು. ಮೊಬೈಲಿನಲ್ಲಿ ಕ್ರಿಕೆಟ್ ಟಿವಿಗಿಂತ ಸ್ವಲ್ಪ ಮುಂದೆ ಓಡಿದೆ ಅಂತ ಅವರಿಗೆ ಅನ್ನಿಸಿರಬೇಕು. ಆ ಕ್ರಿಕೆಟ್ ಮ್ಯಾಚನ್ನು ಭಾರತ ಆರು ವಿಕೆಟ್‌ಗಳಿಂದ ಗೆದ್ದಿತು, ಅದು ನಿನಗೆ ಗೊತ್ತು.

ಖುಷಿ ಇಳಿದ ಮೇಲೆ ಲೀಗಿನ ಲೆಕ್ಕ ನೋಡಿದೆ. ಶನಿವಾರ ಲಿವರ್‌ಪೂಲ್ ಎವರ್ಟನ್ ಮೇಲೆ 2-1. ಐದಕ್ಕೆ ಐದು ಗೆಲುವು, 15 ಪಾಯಿಂಟ್. ನಮಗೆ 10, ನಿಮಗೆ 7. ಇಬ್ಬರ ಜಗಳ ಮೂರನೆಯವನಿಗೆ ಲಾಭ. ಯುನೈಟೆಡ್ ಮತ್ತು ಚೆಲ್ಸಿ ಮ್ಯಾಚಿನಲ್ಲಿ ಐದನೇ ನಿಮಿಷಕ್ಕೇ ಚೆಲ್ಸಿ ಗೋಲಿಗೆ ರೆಡ್ ಕಾರ್ಡ್, ಅರ್ಧಕ್ಕೆ ಮೊದಲು ಕ್ಯಾಸೆಮಿರೋಗೂ ರೆಡ್. 2-1 ಯುನೈಟೆಡ್. ಅದರ ಬಗ್ಗೆ ನಮ್ಮ ಸೇಡಂ ರೋಡಿನ ಹುಡುಗರು ಇನ್ನೂ ಚಾ ಅಂಗಡಿಯಲ್ಲಿ ಮಾತಾಡುತ್ತಿದ್ದಾರೆ. ನಾನು ಆ ಮಾತಿಗೆ ಹೋಗಲಿಲ್ಲ.

ನಾನು ಕೇಳುವುದು ಒಂದೇ. ಆರ್ಸೆನಲ್ ಚೆನ್ನಾಗಿದೆ ಅನ್ನಬೇಡ. ಸಿಟಿ ಬಿಡು ಅನ್ನುವುದೂ ಇಲ್ಲ. ಆ 'ಹೇಡಿ' ಅನ್ನುವ ಒಂದು ಮಾತು ವಾಪಸ್ ತಗೋ. ಎತಿಹಾದಿನ ಆ ಹತ್ತು ಜನರಿಗಾಗಿ, ಎನ್.ವಿ. ಮೈದಾನದ ನಮ್ಮ ಹತ್ತು ಜನರಿಗಾಗಿ.

ಅಕ್ಟೋಬರ್ 2ಕ್ಕೆ ವಿಜಯದಶಮಿ. ರಜೆ ಹಾಕಿ ಬಾ. ಶರಣಬಸವೇಶ್ವರ ಗುಡಿಗೆ ಹೋಗಿ ಕೈಮುಗಿದು, ಸಂಜೆ ಬನ್ನಿ ಕೊಟ್ಟು ತಗೊಳ್ಳೋಣ. ನಮ್ಮ ಗೋಲಿಯೂ ಊರಲ್ಲೇ ಇರುತ್ತಾನೆ, ನಿನ್ನೆ ಕೇಳಿದೆ. ಮರುದಿನ ಬೆಳಿಗ್ಗೆ ಮಳೆ ಇಲ್ಲದಿದ್ದರೆ ಮೈದಾನಕ್ಕೆ ಹೋಗೋಣ. ನಿನ್ನ ಹಳೆಯ ಸ್ಟಡ್ಸ್ ಇನ್ನೂ ನಮ್ಮ ಅಟ್ಟದ ಮೇಲೇ ಇವೆ. ಭಾನುವಾರ ರಾತ್ರಿ ಮ್ಯಾಚ್ ಮುಗಿದ ಮೇಲೆ ಹತ್ತಿ ನೋಡಿದೆ. ಬಲಗಾಲಿನದರ ಅಡಿಗೆ ಅವತ್ತಿನ ಎರಿ ಮಣ್ಣು ಒಣಗಿ ಹಾಗೇ ಅಂಟಿಕೊಂಡಿದೆ. ನಾನು ತೊಳೆದಿಲ್ಲ.

ನಿನ್ನ
ಸ್ಟಾಪರ್